ಇಬ್ಬರು ಹೆಂಗಸರ ಒಂದು ಹೆಸರು

ಬಟ್ಟೆ ಸರಿಯಾಗಿ ಮುಚ್ಚಿಲ್ಲ, ಫಲಕದ ಕೆಳಗಿನ ಮೂಲೆ ಇಣುಕುತ್ತಿದೆ, ಹಿತ್ತಾಳೆಯ ಮೇಲೆ ಅವಳದೇ ಹೆಸರಿನ ಕೊನೆಯ ಎರಡಕ್ಷರ — ಇನ್ನು ಸ್ವಲ್ಪ ಹೊತ್ತಿಗೆ ಯಾರೋ ದಾರ ಎಳೆಯುತ್ತಾರೆ, ಬಟ್ಟೆ ಜಾರುತ್ತದೆ, ಅಂಪಾರೊ ಬರ್ರಾಗಾನ್ ಪ್ರಾಥಮಿಕ ಶಾಲೆ ಎಂದು ಈ ಸಭಾಂಗಣದ ಜನ ಓದುತ್ತಾರೆ, ನಾಳೆಯಿಂದ ದಿನಾ ಆರುನೂರು ಮಕ್ಕಳು ಓದುತ್ತಾರೆ, ಬದುಕಿರುವವರ ಹೆಸರನ್ನು ಗೋಡೆಗೆ ಹೊಡೆಯಬಾರದು ಎಂದು ಅವಳು ಮೊದಲೇ ಹೇಳಿದ್ದಳು, ಏನೇನೋ ನೆಪ ಹೇಳಿದ್ದಳು, ಮಂಡಿನೋವು, ಬಿಸಿಲು, ಉಡಲು ಒಳ್ಳೆಯ ಲಂಗವಿಲ್ಲ, ನಿಜವೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದ್ದಳು, ನಿಯೆವೆಸ್ ಒಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ, ಲಂಗ ಹೊಲಿಸಿಕೊಂಡೇ ಬಂದಳು, ಈ ನೀಲಿ ಲಂಗ, ಸೊಂಟದಲ್ಲಿ ಬಿಗಿ, ಮದ್ರೀನಾ ನೀವು ಸುಮ್ನೆ ಕೂತಿರಿ, ಕರೆದಾಗ ಎದ್ದು ಎರಡು ಮಾತಾಡಿದ್ರೆ ಸಾಕು. ಮದ್ರೀನಾ — ಇಗರ್ಜಿಯಲ್ಲಿ ಜ್ಞಾನಸ್ನಾನದ ನೀರಿನ ಮೇಲೆ ಮಗುವಿನ ತಲೆ ಹಿಡಿದದ್ದಕ್ಕೆ ಬಂದ ಹೆಸರು, ಹೆತ್ತದ್ದಕ್ಕಲ್ಲ, ಹೆತ್ತವಳು ಬೇರೆ. ಆ ಮಗುವಿಗೆ, ನಿಯೆವೆಸಳಿಗೆ, ಈಗ ನಲವತ್ತಮೂರು, ಆಸ್ಪತ್ರೆಯಲ್ಲಿ ನರ್ಸು, ಪಕ್ಕದ ಕುರ್ಚಿಯಲ್ಲಿ ಅವಳ ಕೈ ಹಿಡಿದು ಕೂತಿದೆ, ಅಂಗೈ ಬೆವರುತ್ತಿದೆ, ಯಾರದು ಎಂದು ತಿಳಿಯುತ್ತಿಲ್ಲ. ಒಳಗಿನಿಂದ ಹೊಸ ಬಣ್ಣದ ವಾಸನೆ, ಹಿಂದಿನ ಅಡುಗೆಮನೆಯಿಂದ ತಮಾಲೆ ಬೇಯುವ ಹಬೆ, ಜೋಳದ ಸಿಪ್ಪೆಯಲ್ಲಿ ಸುತ್ತಿದ ಕಡುಬಿನದು, ಯಾರೋ ಬೆಂಕಿ ಜಾಸ್ತಿ ಮಾಡಿದ್ದಾರೆ, ತಳ ಹಿಡಿಯುತ್ತದೆ, ಈಗಿನ ಹುಡುಗಿಯರಿಗೆ ಪಾತ್ರೆಯ ಪಕ್ಕ ನಿಲ್ಲುವ ವ್ಯವಧಾನವಿಲ್ಲ.

ಗೋಡೆಯ ಉದ್ದಕ್ಕೂ ಮಕ್ಕಳ ಚಿತ್ರಗಳು, ಮೇಲೆ ದೊಡ್ಡಕ್ಷರದಲ್ಲಿ ಈ ದೇಶ ಕಟ್ಟಿದ ನಮ್ಮ ಹೆಂಗಸರು ಎಂದು, ನ್ಯಾಯಾಧೀಶೆ ಇದ್ದಾಳೆ, ಸೈನ್ಯದವಳಿದ್ದಾಳೆ, ಸೂಜಿ ಹಿಡಿದ ನರ್ಸು, ರಾಕೆಟ್ಟಿನಲ್ಲಿ ಕೂತವಳೊಬ್ಬಳು, ಕೊನೆಯಲ್ಲಿ ಬಿಳಿಕೂದಲ ಅಜ್ಜಿ, ಕೈಯಲ್ಲಿ ಗುದ್ದಲಿ, ಅದು ತಾನೇ ಇರಬೇಕು — ಮಗು ಗುದ್ದಲಿಗೆ ಅಜ್ಜಿಯಷ್ಟೇ ಉದ್ದದ ಹಿಡಿ ಬರೆದಿದೆ, ಅವಳಿಗೆ ನಗು ಬಂತು. ಹಿಡಿ ಒಂದು ಗೇಣಿಗಿಂತ ಸ್ವಲ್ಪವೇ ಉದ್ದ ಇತ್ತು ಮಗು, ಮುಂಗೈಯಷ್ಟು, ಲೆಟಿಸ್ ಸಸಿಯ ಸಾಲಿನಲ್ಲಿ ಬಗ್ಗಿದರೆ ಮೈಲಿ ಉದ್ದದ ಸಾಲು ಮುಗಿಯುವವರೆಗೂ ಬಗ್ಗಿಯೇ ಇರಬೇಕು, ಎರಡು ಸಸಿ ಕಿತ್ತು ಒಂದನ್ನು ಬಿಡು, ಎರಡು ಕಿತ್ತು ಒಂದು ಬಿಡು, ಉದ್ದ ಹಿಡಿ ಕೊಟ್ಟರೆ ಸಸಿ ಹಾಳಾಗುತ್ತೆ ಎನ್ನುತ್ತಿದ್ದರು, ಸುಳ್ಳು, ಗಿಡ್ಡ ಹಿಡಿಯಾದರೆ ಮೇಸ್ತ್ರಿಗೆ ದೂರದಿಂದಲೇ ಗೊತ್ತಾಗುತ್ತದೆ, ಯಾರ ಬೆನ್ನು ನೆಟ್ಟಗಾಯಿತೋ ಅವಳು ಕೆಲಸ ಮಾಡುತ್ತಿಲ್ಲ, ಅಷ್ಟೇ ಲೆಕ್ಕ. ನೆಟ್ಟಗಾದ ಬೆನ್ನು — ಬೇಡ, ಅದು ಬೇಡ, ಈಗಲ್ಲ. ಮಗುವಿಗೆ ಗಿಡ್ಡ ಹಿಡಿ ಗೊತ್ತೇ ಇಲ್ಲ, ಕ್ಯಾಲಿಫೋರ್ನಿಯಾದಲ್ಲಿ ಯಾವ ಮಗುವಿಗೂ ಗೊತ್ತಿಲ್ಲ, ಗೊತ್ತಿಲ್ಲದಿರುವುದೇ ಗೆಲುವು, ಆ ಗೆಲುವಿನ ಮೇಲೆ ಬರೆದಿರುವುದು ಅಂಪಾರೊ ಬರ್ರಾಗಾನ್ ಎಂಬ ಹೆಸರು, ಆದರೆ ಆ ಹೆಸರಿನೊಳಗೆ ನಿಂತು ಗೆದ್ದವಳು ಒತೀಲಿಯಾ ಸೆರ್ನಾ, ನಿಯೆವೆಸಳ ತಾಯಿ, ಅವಳ ಕೊಮಾದ್ರೆ. ಒಂದೇ ಮಗುವಿಗೆ ಒಬ್ಬಳು ಹೆತ್ತವಳು ಒಬ್ಬಳು ತಲೆ ಹಿಡಿದವಳು, ಆ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ, ಒಡಹುಟ್ಟಿದವರಿಗಿಂತ ಹತ್ತಿರ, ಕೊಮಾದ್ರೆ ಕೇಳಿದರೆ ಇಲ್ಲವೆನ್ನುವ ಹಾಗಿಲ್ಲ. ಒತೀಲಿಯಾಗೆ ಈ ದೇಶದಲ್ಲಿ ಇದ್ದು ದುಡಿಯುವ ಕಾಗದಪತ್ರ ಇರಲಿಲ್ಲ. ಅಂಪಾರೊಗೆ ಕಾಗದಪತ್ರ ಇತ್ತು, ಮೈಯಲ್ಲಿ ಶಕ್ತಿ ಇರಲಿಲ್ಲ, ಮೂರು ಸಲ ಬಸಿರು ನಿಲ್ಲದೆ ಹೋಗಿ ಹಾಸಿಗೆ ಹಿಡಿದಿದ್ದಳು, ಅವಳ ಹೆಸರಿನ ಪರವಾನಗಿ ಕಾರ್ಡು ಡಬ್ಬಿಯಲ್ಲಿ ಸುಮ್ಮನೆ ಬಿದ್ದಿತ್ತು, ಕೊಮಾದ್ರೆ ನಿನ್ನ ಹೆಸರು ಮನೇಲಿ ಮಲಗಿದ್ರೆ ಯಾರ ಹೊಟ್ಟೆ ತುಂಬುತ್ತೆ, ನಂಗೆ ಕೊಡು, ನಾನು ದುಡಿಸ್ಕೊಂಡು ಬರ್ತೀನಿ. ಈ ಕಣಿವೆಯ ಕೂಲಿಯವರೆಲ್ಲ ಹೀಗೆ ಹೆಸರು ಕೊಡುತ್ತಿದ್ದರು, ಸಕ್ಕರೆ ಕೊಟ್ಟ ಹಾಗೆ, ಕಾರ್ಡಿನ ಫೋಟೊದಲ್ಲಿ ಜಡೆ ಹೆಣೆದುಕೊಂಡ ಯಾವ ಹೆಂಗಸಾದರೂ ನಡೆಯುತ್ತಿತ್ತು, ಮೇಸ್ತ್ರಿಗೆ ಮುಖ ಬೇಕಿರಲಿಲ್ಲ, ಬೆನ್ನು ಬೇಕಿತ್ತು. ಎರಡು ವರ್ಷ ಒತೀಲಿಯಾ ಅಂಪಾರೊ ಆಗಿ ಗದ್ದೆಗೆ ಹೋದಳು, ಅಂಪಾರೊ ಮನೆಯಲ್ಲಿ ನಿಯೆವೆಸಳಿಗೆ ಗಂಜಿ ಕುಡಿಸಿದಳು.

ಚಪ್ಪಾಳೆ. ಯೆಸೇನಿಯಾ ಬಂದಳು, ಈ ಶಾಲೆಯ ಟೀಚರು, ಇದೆಲ್ಲ ಶುರುವಾದದ್ದು ಇವಳಿಂದ, ಗ್ರಂಥಾಲಯದಲ್ಲಿ ಹಳೆಯ ವಿಚಾರಣೆಯ ದಾಖಲೆ ಸಿಕ್ಕಿತಂತೆ, ಸರ್ಕಾರದ ಮುಂದೆ ಗಿಡ್ಡ ಗುದ್ದಲಿಯ ಬಗ್ಗೆ ಸಾಕ್ಷಿ ಹೇಳಿದ ಹೆಂಗಸಿನ ಹೆಸರು ನೋಡಿ ಊರೆಲ್ಲ ಹುಡುಕಿ ಬಾಗಿಲು ಬಡಿದಿದ್ದಳು, ಅಜ್ಜಿ ಇದು ನೀವೇನಾ, ಕಾಗದ ಮುಂದೆ ಹಿಡಿದಾಗ ಅಂಪಾರೊ ಏನೆಂದಳು, ಹೆಸರು ನನ್ನದೇ ಅಂದಳು, ಅಷ್ಟೇ ಅಂದದ್ದು, ಅದು ಸುಳ್ಳಲ್ಲ, ಸುಳ್ಳಲ್ಲದ ಮಾತಿನಿಂದ ಇಷ್ಟು ದೊಡ್ಡ ಸುಳ್ಳು ಹುಟ್ಟುತ್ತದೆ ಎಂದು ಯಾರಿಗೆ ಗೊತ್ತಿತ್ತು, ಒಳಗಿನಿಂದ ನಿಯೆವೆಸ್ ಓಡಿ ಬಂದು ಕಾಗದ ಓದಿ ಅತ್ತುಬಿಟ್ಟಳು, ಮದ್ರೀನಾ ಇಷ್ಟು ವರ್ಷ ಒಂದು ಮಾತೂ ಹೇಳ್ಲಿಲ್ವಲ್ಲ ನೀವು, ಆ ಹೆಮ್ಮೆಯ ಮುಖದ ಮುಂದೆ ಬಾಯಿ ಹೇಗೆ ತೆರೆಯುವುದು, ನಾಳೆ ಹೇಳಿದರಾಯಿತು ಎಂದುಕೊಂಡಳು, ನಾಳೆ ನಾಳೆ ಎನ್ನುತ್ತ ಏಳು ತಿಂಗಳು. ಯೆಸೇನಿಯಾ ಈಗ ಮೈಕಿನ ಮುಂದೆ ದಾಖಲೆ ಓದುತ್ತಿದ್ದಾಳೆ, ಸ್ವಾಮಿಗಳೇ ನೀವು ಐದು ನಿಮಿಷ ಕೈಬೆರಳು ಕಾಲಿಗೆ ತಾಗಿಸಿ ಬಗ್ಗಿ ನಿಂತ್ಕೊಳ್ಳಿ, ಆಮೇಲೆ ನಾನು ಮಾತು ಶುರು ಮಾಡ್ತೀನಿ — ಒತೀಲಿಯಾಳ ದನಿಯೇ, ಅದೇ ಒರಟು, ಆ ದಿನ ಬಸ್ಸಿನಲ್ಲಿ ರಾಜಧಾನಿಗೆ ಹೋಗಿ ರಾತ್ರಿ ಬಂದವಳು ಅಂಪಾರೊಳ ಅಡುಗೆಮನೆಯಲ್ಲಿ ನಿಂತು ನಟಿಸಿ ತೋರಿಸಿದ್ದಳು, ದೊಡ್ಡ ಮನುಷ್ಯರು ಮೊದಲು ನಕ್ಕರಂತೆ, ಒಬ್ಬ ಬಗ್ಗಲೂ ಬಗ್ಗಿದನಂತೆ, ಎರಡೇ ನಿಮಿಷಕ್ಕೆ ಮೇಜು ಹಿಡಿದುಕೊಂಡು ಎದ್ದನಂತೆ, ಆಮೇಲೆ ಯಾರೂ ನಗಲಿಲ್ಲವಂತೆ. ಯೆಸೇನಿಯಾ ಹಾಳೆ ತಿರುಗಿಸಿದಳು. ಸಂಜೆ ಮನೆಗೆ ಹೋದ್ರೆ ಮಗಳನ್ನ ಎತ್ಕೊಳ್ಳೋಕೆ ಬಗ್ಗೋಕಾಗಲ್ಲ, ಬಾಗಿಲ ಹತ್ರ ನೆಲದ ಮೇಲೆ ಕೂತ್ಬಿಡ್ತೀನಿ, ಅವಳೇ ನನ್ ಮೇಲೆ ಹತ್ತಿ ಬರ್ಬೇಕು, ಮಗು ಅದನ್ನ ಆಟ ಅಂದ್ಕೊಂಡಿದೆ ಸ್ವಾಮಿ, ಆಟ ಅಲ್ಲ ಅಂತ ಅದಕ್ಕೆ ಯಾವತ್ತೂ ಗೊತ್ತಾಗ್ದೇ ಇರ್ಲಿ. ಸಭೆಯಲ್ಲಿ ಯಾರೋ ಮೂಗು ಒರೆಸಿಕೊಂಡರು. ನಿಯೆವೆಸ್ ಹಿಡಿದ ಕೈ ಬಿಗಿಯಾಯಿತು, ಅವಳ ಬಾಯಿ ಅಂಪಾರೊಳ ಕಿವಿಯ ಹತ್ತಿರ ಬಂತು, ಬಿಸಿಯುಸಿರು, ಮದ್ರೀನಾ, ನಿಮಗೆ ಮಕ್ಕಳೇ ಇರ್ಲಿಲ್ವಲ್ಲ, ಅದು ನಾನಾ, ಅಮ್ಮ ಇನ್ನೂ ಇದ್ದಾಗ್ಲೇ ನೀವು ನನ್ನನ್ನ ಮಗಳು ಅಂತಿದ್ರಾ — ಎಷ್ಟು ಸಂತೋಷ ಆ ದನಿಯಲ್ಲಿ, ಎಂಥ ಸಂತೋಷ, ಒತೀಲಿಯಾಳ ಕೆಲಸ ತೆಗೆದುಕೊಂಡದ್ದಾಯಿತು, ಹೆಸರು ಬಂದದ್ದಾಯಿತು, ಈಗ ಸತ್ತವಳು ತನ್ನ ಮಗಳಿಗೆ ಬಿಟ್ಟುಹೋದ ಒಂದೇ ಒಂದು ಮಾತನ್ನೂ ನಾನು ಕದ್ದು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೇನೆ, ಅಮ್ಮ ನನ್ನ ಹೇಗೆ ಎತ್ಕೊಳ್ತಿದ್ಲು ಮದ್ರೀನಾ ಎಂದು ಆರು ವರ್ಷದ ನಿಯೆವೆಸ್ ಕೇಳಿದಾಗ ನೆನಪಿಲ್ಲ ಪುಟ್ಟಿ ಅಂದಿದ್ದೆನಲ್ಲ, ನೆನಪಿತ್ತು, ಬಾಗಿಲ ಹತ್ತಿರ ಕೂತವಳು ನೆನಪಿದ್ದಳು, ಅದನ್ನು ಹೇಳಿದರೆ ಮುಂದಿನದನ್ನೂ ಹೇಳಬೇಕಾಗುತ್ತದೆ ಎಂದು ಬಾಯಿ ಹೊಲಿದುಕೊಂಡಿದ್ದೆ.

ಮುಂದಿನದು ಗದ್ದೆಯದು. ಏಪ್ರಿಲ್, ಮಂಜು ಆಗಷ್ಟೇ ಕರಗಿದೆ, ಮಣ್ಣು ಒದ್ದೆ, ಅವಳು ಬಟ್ಟೆಯಲ್ಲಿ ಸುತ್ತಿದ ರೊಟ್ಟಿ ಮತ್ತು ಹುರುಳಿ ತಗೊಂಡು ಸಾಲುಗಳ ನಡುವೆ ನಡೆಯುತ್ತಿದ್ದಾಳೆ, ರೊಟ್ಟಿ ಕೊಡಲು ಬಂದೆ ಎಂದು ನಲವತ್ತು ವರ್ಷ ತನಗೆ ತಾನೇ ಹೇಳಿಕೊಂಡಿದ್ದಾಳೆ, ಅದಕ್ಕಲ್ಲ ಅವಳು ಬಂದದ್ದು. ಭಾನುವಾರ ಇಗರ್ಜಿಯ ಮೆಟ್ಟಿಲಲ್ಲಿ ಯಾರೋ ಹೇಳಿದರು, ಸಾಕ್ಷಿ ಹೇಳಿದ ಅಂಪಾರೊ ಎಷ್ಟು ಗಟ್ಟಿಗಿತ್ತಿ ಅಲ್ವಾ ಎಂದು, ನಾನು ಪಕ್ಕದಲ್ಲೇ ನಿಂತಿದ್ದೆ, ನಿಜವಾದ ಅಂಪಾರೊ, ಕುಪ್ಪಸದಲ್ಲಿ ಗಂಜಿಯ ಕಲೆ, ಯಾರೂ ತಿರುಗಿ ನೋಡಲಿಲ್ಲ, ಹೊಟ್ಟೆಕಿಚ್ಚು, ಹೌದು ಹೊಟ್ಟೆಕಿಚ್ಚೇ, ಬೇರೆ ಹೆಸರು ಯಾಕೆ, ಗುಣವಾಯಿತು ಎಂದು ಡಾಕ್ಟರು ಹೇಳಿದ್ದರು, ತನ್ನ ಹೆಸರು ತನಗೆ ಬೇಕಾಗಿತ್ತು. ಒತೀಲಿಯಾ ಬಗ್ಗಿದವಳು ಬಗ್ಗಿದಂತೆಯೇ ಕೆಳಗಿನಿಂದ ನೋಡಿದಳು, ಬೆವರು, ಮೂಗಿನ ತುದಿಗೆ ಮಣ್ಣು, ಏನು ಕೊಮಾದ್ರೆ, ಮಗು ಎಲ್ಲಿ ಅಂದಳು, ಪಕ್ಕದ ಮನೆಯವಳ ಹತ್ರ ಇದೆ ಅಂದೆ, ನಾಳೆಯಿಂದ ನಾನೇ ಕೆಲಸಕ್ಕೆ ಬರ್ತೀನಿ, ಕಾರ್ಡು ವಾಪಸ್ ಕೊಡು. ಒತೀಲಿಯಾ ಎರಡು ಸಸಿ ಕಿತ್ತಳು, ಒಂದು ಬಿಟ್ಟಳು. ನಂಗೆ ಬೇರೆ ಹೆಸರು ಸಿಗೋವರ್ಗೂ ಒಂದು ವಾರ ತಡಿ ಅಂದಳು. ತಡೆಯಲ್ಲ ಅಂದೆ. ತಡೆಯಲ್ಲ ಎಂದ ಆ ಬಾಯಿ ಇದೇ ಬಾಯಿ, ಇದರಲ್ಲೇ ಪ್ರಾರ್ಥನೆ ಹೇಳುತ್ತೇನೆ — ಆಗ ಸಾಲಿನ ಕೊನೆಯಲ್ಲಿ ಕೂಗು, ರಸ್ತೆಯಲ್ಲಿ ಕಾಗದಪತ್ರ ಇಲ್ಲದವರನ್ನು ಹಿಡಿಯುವ ವಲಸೆ ಪೊಲೀಸರ ಹಸಿರು ವ್ಯಾನುಗಳು, ಎರಡು, ಮೂರು, ಬಾಗಿಲು ತೆರೆಯುವ ಸದ್ದು, ಹೆಂಗಸರೆಲ್ಲ ಇನ್ನೂ ತಗ್ಗಿ ಮಣ್ಣಿಗೆ ಅಂಟಿಕೊಂಡರು, ಅಂಪಾರೊ ಕೂಡ ಬಗ್ಗಿದಳು. ಕಾರ್ಡು ಒಂದು, ಹೆಂಗಸರು ಇಬ್ಬರು. ತಾನು ಆ ದಿನ ಬಾರದೇ ಇದ್ದಿದ್ದರೆ ಒತೀಲಿಯಾ ಕಾರ್ಡು ತೋರಿಸುತ್ತಿದ್ದಳು, ಅವರು ನೋಡಿ ಮುಂದೆ ಹೋಗುತ್ತಿದ್ದರು, ಸಂಜೆ ಬಾಗಿಲ ಹತ್ತಿರ ನೆಲದ ಮೇಲೆ ಕೂತಿರುತ್ತಿದ್ದಳು. ಒತೀಲಿಯಾ ಅಂಪಾರೊಳ ಮುಖ ನೋಡಲಿಲ್ಲ. ರವಿಕೆಯೊಳಗೆ ಕೈ ಹಾಕಿ ಕಾರ್ಡು ತೆಗೆದು ಅವಳ ಕೈಗೆ ಒತ್ತಿದಳು, ತಗೋ, ವಾರ ಯಾಕೆ, ಈಗ್ಲೇ ತಗೋ, ಮಗೂಗೆ ತಲೆ ಒರೆಸ್ದೆ ಮಲಗಿಸ್ಬೇಡ, ನೆಗಡಿ ಹಿಡಿಯುತ್ತೆ — ಆಮೇಲೆ ನೆಟ್ಟಗಾದಳು. ಅಷ್ಟು ದೊಡ್ಡ ಬಯಲಿನಲ್ಲಿ, ಅಷ್ಟೊಂದು ಬಗ್ಗಿದ ಬೆನ್ನುಗಳ ನಡುವೆ, ಒಬ್ಬಳೇ ನೆಟ್ಟಗೆ ನಿಂತಳು, ಗುದ್ದಲಿಯನ್ನು ಕೆಳಗೆ ಬಿಟ್ಟು ಎರಡೂ ಕೈ ಸೊಂಟಕ್ಕೆ ಕೊಟ್ಟು ಬೆನ್ನು ಮುರಿದುಕೊಂಡಳು, ಎಷ್ಟು ನಿಧಾನ, ಯಾರಿಗೂ ಕಾಣದೆ ಹೋಗದಿರಲಿ ಎನ್ನುವಂತೆ, ಆಮೇಲೆ ಅವರ ಕಡೆಗೆ ನಡೆದಳು. ಅವರೆಲ್ಲ ಅವಳ ಹತ್ತಿರ ಓಡಿದರು, ವ್ಯಾನಿಗೆ ಹತ್ತಿಸಿ ಗಡಿಯಾಚೆ ಬಿಟ್ಟುಬಂದರು. ಆರು ತಿಂಗಳಾದ ಮೇಲೆ ಮಗುವಿಗಾಗಿ ವಾಪಸು ಬರುತ್ತ ಗಡಿಯ ಕಾಲುವೆ ದಾಟುವಾಗ ಮುಳುಗಿದಳು ಎಂದು ಅವಳ ಅಣ್ಣ ಎರಡು ಸಾಲು ಬರೆದ. ಗುದ್ದಲಿಯ ಕಾನೂನು ಅದಕ್ಕೂ ನಂತರ ಬಂತು, ಉದ್ದ ಹಿಡಿ ಬಂತು, ಅದನ್ನು ಮೊದಲು ಕೈಗೆತ್ತಿಕೊಂಡವಳು ಅಂಪಾರೊ, ಗದ್ದೆಯಲ್ಲಿ ನಿಂತೇ ಕೆಲಸ ಮಾಡಿದಳು ಇಪ್ಪತ್ತೆಂಟು ವರ್ಷ, ಒಂದು ದಿನವೂ ಬೆನ್ನು ಹಗುರವಾಗಲಿಲ್ಲ.

ಅಂಪಾರೊ ಬರ್ರಾಗಾನ್ ಎಂದು ಕರೆದರು. ಮತ್ತೊಮ್ಮೆ ಕರೆದರು. ಚಪ್ಪಾಳೆ, ನಿಯೆವೆಸ್ ಮೊಣಕೈ ಹಿಡಿದು ಎಬ್ಬಿಸಿದಳು, ನಾಲ್ಕು ಹೆಜ್ಜೆ, ಮೈಕು ಎತ್ತರವಾಯಿತು, ಯೆಸೇನಿಯಾ ಬಗ್ಗಿಸಿ ಕೊಟ್ಟಳು, ಹೇಳಿ ಅಜ್ಜಿ, ನಿಧಾನಕ್ಕೆ ಹೇಳಿ. ಸುಮ್ಮನೆ ವಂದನೆ ಎಂದು ಹೇಳಿ ಕೂರಬಹುದು, ನಿಯೆವೆಸಳ ಪ್ರೀತಿ ಉಳಿಯುತ್ತದೆ, ಇನ್ನೆಷ್ಟು ವರ್ಷ ಬೇಕು ತನಗೆ ಆ ಪ್ರೀತಿ, ನಾಲ್ಕೋ ಐದೋ, ಅಷ್ಟನ್ನೂ ಬಿಡಲಾರದ ಮುದುಕಿ ತಾನು, ಅವಳನ್ನು ಬಿಟ್ಟರೆ ಬೇರೆ ಯಾರೂ ಇಲ್ಲ, ಭಯವಾಗುತ್ತಿದೆ — ಮಗಳು ಎಂದದ್ದು ನಾನಲ್ಲ, ಬಾಯಿಂದ ಅದೇ ಮೊದಲು ಬಂತು, ಮೈಕಿನಲ್ಲಿ ತನ್ನ ದನಿ ಯಾರದೋ ದನಿಯಂತೆ, ಮಗಳು ಅಂತ ಅಂದದ್ದು ನಾನಲ್ಲ ಪುಟ್ಟಿ, ನಿಮ್ಮಮ್ಮ, ಅಲ್ಲಿ ಹೋಗಿ ಮಾತಾಡಿದ್ದು ನಿಮ್ಮಮ್ಮ, ಒತೀಲಿಯಾ ಸೆರ್ನಾ ಅಂತ, ಬಾಗಿಲ ಹತ್ರ ಕೂತ್ಕೊಳ್ತಿದ್ದೋಳು ಅವಳೇ, ನೀನು ಹತ್ತುತ್ತಿದ್ದದ್ದು ಅವಳ ಮೇಲೆ, ಹೆಸರು ಮಾತ್ರ ನಂದು, ಆ ಹೆಸರನ್ನ ವಾಪಸ್ ಕೇಳೋಕೆ ನಾನು ಗದ್ದೆಗೆ ಹೋಗಿದ್ದ ದಿನಾನೇ ಅವಳನ್ನ ಕರ್ಕೊಂಡು ಹೋದ್ರು, ಕಾರ್ಡು ನನ್ ಕೈಯಲ್ಲಿತ್ತು, ನಾನು ಬಗ್ಗಿದ್ದೆ, ತಲೆ ಎತ್ಲಿಲ್ಲ. ಯೆಸೇನಿಯಾ ಹಾಳೆಗಳನ್ನು ಮತ್ತೆ ಮೊದಲಿನಿಂದ ತಿರುಗಿಸುತ್ತಿದ್ದಾಳೆ. ಇನ್ನೂ ಹೇಳಬೇಕು, ನೆಗಡಿ ಹಿಡಿಯುತ್ತೆ ಎಂದದ್ದನ್ನು ಹೇಳಬೇಕು, ದಿನಾ ತಲೆ ಒರೆಸಿಯೇ ಮಲಗಿಸಿದೆ ಎಂದು ಹೇಳಬೇಕು, ಕ್ಷಮಿಸು ಎನ್ನಬೇಕು, ಆದರೆ ಮೊದಲ ಸಾಲಿನಲ್ಲಿ ನಿಯೆವೆಸ್ ಎದ್ದಿದ್ದಾಳೆ, ಮುಖ ಕಾಣುತ್ತಿಲ್ಲ, ಕಣ್ಣು ಮಂಜಾಗಿದೆ, ಕೋಪವೋ ಅಳುವೋ ತಿಳಿಯುತ್ತಿಲ್ಲ, ಬರುತ್ತಾಳೋ ಬಾಗಿಲ ಕಡೆ ಹೋಗುತ್ತಾಳೋ ತಿಳಿಯುತ್ತಿಲ್ಲ, ಎರಡೂ ಕೈ ಸೊಂಟಕ್ಕೆ ಕೊಟ್ಟುಕೊಂಡಿದ್ದಾಳೆ, ಯಾರೂ ಕಲಿಸದೆ ಬಂದದ್ದು ಅದು, ಅಷ್ಟು ಜನ ಕೂತಿದ್ದಾರೆ, ಒಬ್ಬಳೇ ನೆಟ್ಟಗೆ ನಿಂತಿದ್ದಾಳೆ, ಒಬ್ಬಳೇ, ನೆಟ್ಟಗೆ —