ತೊಳೆದರೂ ಹೋಗದ ಅರಿಶಿನ

ಹಳದಿ, ಎದುರಿಗೆ ಅಷ್ಟಗಲ ಹಳದಿ, ಸ್ಕೂಲ್ ಬಸ್ಸಿನ ಬೆನ್ನು, ಪಕ್ಕದಿಂದ ಕೆಂಪು ಸ್ಟಾಪ್ ಬೋರ್ಡು ಚಾಚಿಕೊಂಡಿತು, ಬದರಿ ಬ್ರೇಕ್ ಒತ್ತಿದ, ಮಕ್ಕಳು ಇಳಿದು ಹೋಗುವ ತನಕ ಯಾರೂ ಮುಂದೆ ಹೋಗುವಂತಿಲ್ಲ, ರಸ್ತೆಯ ಎರಡೂ ಬದಿ ಕಾರುಗಳು ನಿಂತುಹೋದವು, ಹಿಂದಿನ ಸೀಟಿನಲ್ಲಿ ಧೃತಿಯ ಬೆರಳು ಮಾತ್ರ ನಿಲ್ಲದೆ ಮಗುವಿನ ಅಂಗಾಲನ್ನು ತಟ್ಟುತ್ತಿತ್ತು, ಏಳು ಪುಟ್ಟಿ, ಅಳು, ಒಂದೇ ಒಂದು ಸಲ ಅಳು — ನಿನ್ನೆ ತನಕ ಅಳದಿರುವುದೇ ಹೆಮ್ಮೆಯಾಗಿತ್ತಲ್ಲ, ಪಕ್ಕದ ಊರು ಮೆಟುಚೆನ್‌ನಿಂದ ಗೆಳತಿ ನಂದಿತಾ ಬಂದಿದ್ದಾಗ, ಅವಳ ಮಗ ದಿನ ತುಂಬಿ ಹುಟ್ಟಿದವನು, ಮನೆ ಹಾರಿಹೋಗುವಂತೆ ಕಿರುಚಿ ಹಾಲು ಎಳೆದೆಳೆದು ಕುಡಿದ, ನಿನ್ನ ಮಗಳು ಎಷ್ಟು ಗುಡ್ ಬೇಬಿ ಕಣೇ, ಎಕ್ಸ್‌ಚೇಂಜ್ ಮಾಡ್ಕೊಳ್ಳೋಣ್ವಾ, ಎಲ್ಲರೂ ನಕ್ಕರು, ಧೃತಿಯೂ ನಕ್ಕಳು, ಅವಳ ಪುಟ್ಟಿ ಎರಡು ಗುಟುಕು ಚೀಪಿ ನಿದ್ದೆಹೋಗಿತ್ತು, ಅದನ್ನು ನೋಡಿಯೂ ನಕ್ಕಳು. ದಿನ ತುಂಬಲು ನಾಲ್ಕು ವಾರ ಇರುವಾಗಲೇ ಹುಟ್ಟಿದ್ದು, ಲಿಟಲ್ ಅರ್ಲಿ, ಅಷ್ಟೇ, ತೂಕವೂ ಪರವಾಗಿಲ್ಲ, ಆದರೆ ಮನೆಗೆ ಕಳಿಸುವಾಗ ನರ್ಸ್ ಹೇಳಿರಲಿಲ್ಲವೆ, ಇಂಥ ಮಕ್ಕಳು ಹೊರಗಿನಿಂದ ಪೂರ್ತಿ ಕಾಣುತ್ತವೆ, ಒಳಗೆ ಲಿವರ್ ಇನ್ನೂ ಕಲಿಯುತ್ತಿರುತ್ತದೆ, ನಿದ್ದೆಯನ್ನು ನಂಬಬೇಡ, ಬಣ್ಣ ನೋಡುತ್ತಿರು, ಹೆಬ್ಬೆರಳಿನಿಂದ ಒತ್ತಿ ಬಿಡು, ಒತ್ತಿದ ಜಾಗ ಹಳದಿಯಾದರೆ ಕಾಯಬೇಡ — ನೋಡುತ್ತಲೇ ಇದ್ದಳಲ್ಲ, ಒತ್ತಿದಳು, ಹಳದಿ, ಅತ್ತೆ, ಮಗು ಯಾಕೋ ಹಳದಿ ಕಾಣ್ತಿದೆ, ರಮಾಮಣಿ ಕಾಲು ನೀಡಿ ಕೂತು ಕಾಲ ಮೇಲೆ ಮಗುವನ್ನು ಮಲಗಿಸಿ ಕಡಲೆಹಿಟ್ಟು ಅರಿಶಿನ ಸವರುತ್ತ, ಅಯ್ಯೋ ಅರಿಶಿನ ಕಣಮ್ಮಾ, ಮೈಸೂರಿಂದ ತಂದಿದ್ದು, ನಿಮ್ಮ ಇಂಡಿಯನ್ ಸ್ಟೋರಿನ ಪುಡಿಯಲ್ಲ, ಬಣ್ಣ ಹಿಡಿಯುತ್ತೆ, ಬದರಿಗೂ ಹೀಗೇ ಹಚ್ತಿದ್ದೆ, ಈಗ ನೋಡು ಗುಂಡುಕಲ್ಲು — ಮರುದಿನ ಮತ್ತೆ ಸ್ನಾನ, ಮತ್ತೆ ಅರಿಶಿನ, ಹಳದಿಯ ಮೇಲೆ ಹಳದಿ, ಒಪ್ಪಿಕೊಂಡುಬಿಟ್ಟಳು, ಒಪ್ಪಿಕೊಳ್ಳುವುದು ಎಷ್ಟು ಹಿತವಾಗಿತ್ತು, ಇವತ್ತು ಮಗು ಅರೆಗಣ್ಣು ತೆರೆದಾಗ ಕಣ್ಣಿನ ಬಿಳಿ ಬಿಳಿಯಿರಲಿಲ್ಲ, ಕಣ್ಣಿನೊಳಗೆ ಯಾರು ಅರಿಶಿನ ಹಚ್ಚಿದರು. ಅಪಾಯಿಂಟ್‌ಮೆಂಟ್ ಬೇಡ, ಈಗಲೇ ಬನ್ನಿ, ಎಂದಿತು ಆಸ್ಪತ್ರೆಯ ಫೋನಿನ ದನಿ, ತಡವಾದರೆ ಕಾಮಾಲೆ ಕಿವಿಗೆ, ಮಿದುಳಿಗೆ — ಬೇಡ, ಆ ವಾಕ್ಯ ಮುಗಿಯುವುದು ಬೇಡ, ಬದರಿ ಕನ್ನಡಿಯಲ್ಲಿ ನೋಡುತ್ತಾನೆ, ನೀಲಿ ಲೈಟಿನ ಕೆಳಗೆ ಇಡ್ತಾರೆ ಧೃತಿ, ಸರಿಹೋಗುತ್ತೆ, ಡೋಂಟ್ ಪ್ಯಾನಿಕ್, ಅವನ ಕತ್ತು ಬೆವತಿದೆ, ಬಸ್ಸಿನಿಂದ ಒಬ್ಬಳು ಪುಟ್ಟ ಹುಡುಗಿ ಇಳಿಯುತ್ತಾಳೆ, ಇಳಿದವಳು ತಿರುಗಿ ಡ್ರೈವರನಿಗೆ ಏನೋ ಹೇಳಿ ನಗುತ್ತಾಳೆ, ಬೇಗ ನಡಿಯೇ, ಧೃತಿಗೆ ಆ ಹುಡುಗಿಯನ್ನು ತಳ್ಳಿಬಿಡಬೇಕೆನಿಸಿತು, ಮರುಕ್ಷಣ, ದೇವರೇ, ನನ್ನವಳೂ ಹೀಗೆ ಇಳಿಯಲಿ, ತಿರುಗಿ ನಗಲಿ, ನನ್ನ ದನಿ ಕೇಳಿಸಲಿ ಅವಳಿಗೆ, ಬೋರ್ಡು ಮಡಚಿಕೊಂಡಿತು, ಕಾರು ಹೊರಟಿತು, ಅಂಗಾಲು ತಟ್ಟಿದಳು, ಜೋರಾಗಿ, ಇನ್ನೂ ಜೋರಾಗಿ, ತುಟಿ ಅಲುಗಿತೆ, ಇಲ್ಲ, ಕಾರು ಅಲುಗಿದ್ದು, ಹಣೆಯ ಮೇಲೆ ಹೆಬ್ಬೆರಳಿಟ್ಟಳು, ಒತ್ತಿದಳು, ಬಿಳಿ ಇರಲಿ, ಒಂದು ಸಲ ಬಿಳಿ, ತೆಗೆದಳು — ಹೆಬ್ಬೆರಳಿನಷ್ಟಗಲ ಹಳದಿ, ಮತ್ತೆ ಒತ್ತಿದಳು, ತೆಗೆದಳು, ಹಳದಿ, ಒತ್ತಿದಳು, ಈಗ ಬೆರಳನ್ನು ತೆಗೆಯಲಾರಳು