ಸುನಿಮ್ ಒಪ್ಪಿಕೊಂಡದ್ದು

ಆ ಕೌನ್ಸೆಲರ್ ಮೇಲೆ ಮೊದಲು ಸಂಶಯಪಟ್ಟವಳು ನಾನು, ಸುನಿಮ್ ಅಲ್ಲ. ಇಂಚೋನ್ ನಗರದ ಹೊರವಲಯದಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟುಗಳ ಸೈಟಿನಲ್ಲಿ ಕೆಲಸಗಾರರಿಗೆ ಊಟದ ಶೆಡ್ ನಡೆಸುತ್ತಿದ್ದೆ. ಕಂಪನಿಯವರು ಕೇಳದೆ ಏನಾದರೂ ಕೊಟ್ಟರೆ ಬಾಯಿಗಿಡುವ ಮೊದಲು ಮೂಸಿ ನೋಡಬೇಕು ಎಂದು ಇಪ್ಪತ್ತು ವರ್ಷಗಳಲ್ಲಿ ಕಲಿತಿದ್ದೆ.

ಪ್ಯೋ ಸುನಿಮ್ ಟವರ್ ಕ್ರೇನ್ ನಡೆಸುವವಳು. ವಯಸ್ಸು ನಲವತ್ತಾರು. ಅದರಲ್ಲಿ ಹದಿನೇಳು ವರ್ಷ ಮೋಡದ ಪಕ್ಕದ ಆ ಗಾಜಿನ ಗೂಡಿನಲ್ಲೇ ಕಳೆದಿದ್ದಳು. ಕೆಳಗೆ ನಿಂತು ವಾಕಿಟಾಕಿಯಲ್ಲಿ ಅವಳಿಗೆ ದಾರಿ ಹೇಳುತ್ತಿದ್ದವರು ಕೂ ಬೊಂಗ್‌ಸಿಕ್. ಅರವತ್ತರ ಹತ್ತಿರದ ಮನುಷ್ಯ, ನಮಗೆಲ್ಲ ಕೂ ಅಣ್ಣ. "ಇನ್ನೊಂದು ಗೇಣು ಎಡಕ್ಕೆ ಬಾರಮ್ಮ, ಸಾಕು, ಇಳಿಸು" ಎನ್ನುವ ಅವರ ದನಿ ನನ್ನ ಒಲೆಯವರೆಗೂ ಕೇಳುತ್ತಿತ್ತು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಕಬ್ಬಿಣದ ಸರಳಿನ ಕಟ್ಟನ್ನು ಮೇಲಕ್ಕೆತ್ತುವಾಗ ಅದಕ್ಕೆ ಬಿಗಿದಿದ್ದ ಬೆಲ್ಟು ಹರಿಯಿತು. ಕೂ ಅಣ್ಣ ಹಾರಿ ಪಕ್ಕಕ್ಕೆ ಬಿದ್ದರು. ಜೀವ ಉಳಿಯಿತು, ಎಡಪಾದ ಜಜ್ಜಿಹೋಯಿತು. ಅಂದು ಗೂಡಿನಿಂದ ಇಳಿದ ಸುನಿಮ್ ಮತ್ತೆ ಮೇಲೆ ಹೋಗಲಿಲ್ಲ. ಏಣಿಯ ಮೂರನೇ ಮೆಟ್ಟಿಲಿಗೇ ತೊಡೆ ನಡುಗಿ, ಕಣ್ಣು ಕತ್ತಲೆಗಟ್ಟುತ್ತಿತ್ತು. ಆ ದಿನದ ಮಾತೆತ್ತಿದರೆ ಸಾಕು, ಚಮಚ ಕೆಳಗಿಟ್ಟು ಎದ್ದುಹೋಗುತ್ತಿದ್ದಳು. ಕೂ ಅಣ್ಣ ಮಲಗಿದ್ದ ಆಸ್ಪತ್ರೆಯ ಕಡೆಯ ಬಸ್ಸನ್ನೂ ಹತ್ತುತ್ತಿರಲಿಲ್ಲ.

ಆಗ ಸೈಟ್ ಮ್ಯಾನೇಜರ್ ಮ್ಯೊಂಗ್ ಬಂದು, ಯಾವತ್ತೂ ಇಲ್ಲದ ಮೃದು ದನಿಯಲ್ಲಿ, "ಸುನಿಮ್‌ಗೆ ಒಬ್ಬ ಒಳ್ಳೆ ಕೌನ್ಸೆಲರ್ ಗೊತ್ತು ಮಾಡಿದೀವಿ. ವಾರಕ್ಕೊಂದು ಸಲ ಹೋಗಿ ಬರ್ಲಿ. ಖರ್ಚೆಲ್ಲ ನಮ್ಮದು" ಎಂದ. ಆ ಮನುಷ್ಯ ಕೈಗವಸು ಹರಿದರೂ ಎರಡು ವಾರ ಸತಾಯಿಸುವವನು. ನನಗೆ ಅಲ್ಲೇ ವಾಸನೆ ಹತ್ತಿತು.

ಮೊದಲ ಸಲ ಹೋಗಿ ಬಂದ ಸುನಿಮ್ ಸೋಯಾ ಸಾರಿನ ಬಟ್ಟಲಿನ ಮುಂದೆ ಕೂತಳು.

"ಹೆಂಗಿದಾನೆ ಆಸಾಮಿ?" ಎಂದು ಕೇಳಿದೆ.

"ತಾಕ್ ಅಂತ ಹೆಸರು, ಅಲ್ಲಿ ಎಲ್ಲರೂ ಮೇಷ್ಟ್ರು ಅಂತಾರೆ. ತೆಳ್ಳಗೆ, ಮೆತ್ತಗೆ ಮಾತಾಡ್ತಾರೆ. ಇದಕ್ಕೆ ಒಪ್ಪಿಕೊಂಡು ತೊಡಗಿಕೊಳ್ಳೋ ಚಿಕಿತ್ಸೆ ಅಂತಾರಂತೆ ಅಕ್ಕ."

"ಏನನ್ನ ಒಪ್ಕೋಬೇಕಂತೆ?"

"ಅದೇ ಗೊತ್ತಾಗ್ಲಿಲ್ಲ. ಭಯ ಬಂದ್ರೆ ಓಡಿಸೋಕೆ ಹೋಗ್ಬೇಡಿ, ಒಪ್ಕೊಳ್ಳಿ ಅಂದ್ರು."

"ಇವತ್ತು ಭಯ ಒಪ್ಕೋ ಅಂತಾನೆ, ನಾಳೆ ತಪ್ಪು ಒಪ್ಕೋ ಅಂತಾನೆ" ಎಂದೆ. "ಪೊಲೀಸ್ ಸ್ಟೇಷನ್‌ನಲ್ಲೂ ಒಪ್ಕೋ ಅಂತಾನೇ ಹೇಳೋದು."

ಆ ಅಪಘಾತದ ವಿಚಾರಣೆ ಕಾರ್ಮಿಕ ಕಚೇರಿಯಲ್ಲಿ ನಡೆಯುತ್ತಿತ್ತು. ಗಾಳಿ ಬೀಸಿದಾಗ ಗಾಬರಿಯಲ್ಲಿ ಆಪರೇಟರ್‌ನ ಕೈ ತಪ್ಪಿತು ಎಂದು ಕಂಪನಿ ಹೇಳುತ್ತಿದೆ ಎಂಬುದು ಇಡೀ ಸೈಟಿಗೆ ಗೊತ್ತಿತ್ತು. ಸುನಿಮ್ ಮಾತ್ರ ಹೌದು ಅನ್ನದೆ, ಅಲ್ಲ ಅನ್ನದೆ ಬಾಯಿ ಮುಚ್ಚಿಕೊಂಡಿದ್ದಳು.

ಎರಡನೇ ವಾರ ಅವಳು ಜೇಬಿನಿಂದ ಒಂದು ಪುಟ್ಟ ಕಾರ್ಡು ತೆಗೆದು ತೋರಿಸಿದಾಗ ನನ್ನ ಕೈಯಲ್ಲಿದ್ದ ಸೌಟು ನಿಂತಿತು. ಅದರ ಮೇಲೆ ಅವಳ ಅಕ್ಷರದಲ್ಲಿ "ನನ್ನ ಕೈಯಿಂದಲೇ ಆಯಿತು" ಎಂದಿತ್ತು.

"ಯಾವ ಯೋಚನೆ ದಿನಾ ಕಾಡುತ್ತೋ ಅದನ್ನ ಬರೀರಿ ಅಂದ್ರು. ಅದನ್ನ ಜೇಬಲ್ಲಿಟ್ಕೊಂಡು ಓಡಾಡಿ, ಅದು ಬರೀ ಒಂದು ಯೋಚನೆ, ನೀವಲ್ಲ ಅಂದ್ರು."

"ಬರೀ ಯೋಚನೆಯಂತೆ. ಇದು ನಿನ್ನ ಕೈಬರಹ ಕಣೇ. ನಾಳೆ ಮ್ಯೊಂಗ್ ಇದನ್ನ ಅಧಿಕಾರಿ ಮುಂದೆ ಹಿಡಿದ್ರೆ ಏನು ಹೇಳ್ತೀಯ?"

"ಅವ್ರು ಇಟ್ಕೊಳ್ಳಲಿಲ್ಲ ಅಕ್ಕ. ನೀವೇ ಇಟ್ಕೊಳ್ಳಿ ಅಂದ್ರು."

"ಫೋಟೋ ಹೊಡ್ಕೊಂಡಿಲ್ಲ ಅಂತ ಏನು ಗ್ಯಾರಂಟಿ?"

ಕಾರ್ಡನ್ನು ಕಿತ್ತುಕೊಂಡು ಒಲೆಗೆ ಹಾಕಿದೆ. ಅವಳು ತಡೆಯಲಿಲ್ಲ. ಆದರೆ ಅಲ್ಲಿಂದಾಚೆ ಅವಳ ಸಂಶಯ ನನ್ನದಕ್ಕಿಂತ ಮುಂದೆ ಓಡಿತು. ಸಲಹಾ ಕೊಠಡಿಯ ಹೂವಿನ ಕುಂಡದಲ್ಲಿ ಏನೋ ಮಿನುಗುತ್ತದೆ ಎಂದಳು. ಮೇಷ್ಟ್ರು ಬರೆಯುವ ಪುಸ್ತಕದ ರಟ್ಟು ನಮ್ಮ ಕಂಪನಿಯ ಬಾವುಟದ ನೀಲಿಯೇ ಎಂದಳು. ಬಿಟ್ಟುಬಿಡು ಎಂದರೆ, "ಬಿಟ್ರೆ ಚಿಕಿತ್ಸೆಗೆ ಸಹಕರಿಸ್ಲಿಲ್ಲ ಅಂತ ಬರೀತಾರೆ" ಎಂದಳು. ಅದೂ ನಿಜವೇ.

ಕೊನೆಗೆ ಒಂದು ಉಪಾಯ ಹೂಡಿದೆವು. ಹೂಡಿದವಳು ನಾನೇ ಎನ್ನಬೇಕು. ಮೂರನೇ ವಾರ ಸುನಿಮ್ ಮೇಷ್ಟ್ರಿಗೆ ಒಂದು ಶುದ್ಧ ಸುಳ್ಳು ಹೇಳಿ ಬಂದಳು: ಅಪಘಾತದ ಹಿಂದಿನ ಸಂಜೆ ತಾನು ಸೋಜು ಕುಡಿದಿದ್ದೆ ಎಂದು. ಅವಳು ಹಬ್ಬಕ್ಕೂ ಒಂದು ತೊಟ್ಟು ಮುಟ್ಟುವವಳಲ್ಲ. ಈ ಮಾತು ಮ್ಯೊಂಗ್ ಬಾಯಲ್ಲಿ ಕೇಳಿಬಂದರೆ ತೂತು ಎಲ್ಲಿದೆ ಎಂದು ತಿಳಿದ ಹಾಗೆ.

ಹತ್ತು ದಿನ ಕಾದೆವು. ಮ್ಯೊಂಗ್ ಶೆಡ್ಡಿನ ಬಾಗಿಲಲ್ಲಿ ಕಾಣಿಸಿದರೆ ಇಬ್ಬರೂ ಅವನ ಬಾಯನ್ನೇ ನೋಡುತ್ತಿದ್ದೆವು. ಅವನು ಕಿಮ್ಚಿ ಬಡಿಸಿಕೊಂಡು ಹೋಗುತ್ತಿದ್ದ, ಅಷ್ಟೇ. ಏನೂ ಆಗಲಿಲ್ಲ ಎಂಬುದೇ ನಮಗೆ ಇನ್ನಷ್ಟು ಅನುಮಾನ ತಂದಿತು.

"ಕೂಡಿಟ್ಕೊಳ್ತಿದಾರೆ, ಒಂದೇ ಸಲ ತೆಗೀತಾರೆ" ಎಂದಳು ಸುನಿಮ್. ಹತ್ತು ದಿನಗಳಲ್ಲಿ ಅವಳ ಕೆನ್ನೆ ಒಳಗೆ ಹೋಗಿತ್ತು.

ಹನ್ನೊಂದನೇ ದಿನ, ಊಟದ ಹೊತ್ತು ಮುಗಿದು ನಾನು ಮೂಲಂಗಿ ಹೆಚ್ಚುತ್ತಿದ್ದಾಗ, ಮ್ಯೊಂಗ್ ಒಬ್ಬನೇ ಬಂದು ಬೆಂಚಿನ ಮೇಲೆ ಕೂತ.

"ಏನಮ್ಮ, ನಿಮ್ಮ ಸುನಿಮ್ ನಿಮ್ಮ ಹತ್ರ ಏನಾದ್ರೂ ಹೇಳ್ತಾಳಾ? ಆ ದಿನದ ವಿಷಯ?"

"ನನ್ಹತ್ರ ಯಾಕೆ ಕೇಳ್ತೀರಿ? ನಿಮ್ಮ ಕೌನ್ಸೆಲರ್ ಇದಾರಲ್ಲ."

"ಅವನೊಬ್ಬ ಮೊಂಡ" ಎಂದು ಮುಖ ಸಿಂಡರಿಸಿದ. "ಮೂರು ಸಲ ಕೇಳಿದೆ. ಅವಳು ಬಂದ ತಾರೀಖು ಬೇಕಾದ್ರೆ ಕೊಡ್ತೀನಿ, ಅವಳಾಡಿದ ಮಾತು ಹೇಳಲ್ಲ ಅಂತಾನೆ. ಹಣ ನಾವು ಕೊಡೋದು, ಗತ್ತು ಅವನದ್ದು."

ಇದೂ ನಾಟಕವೇ ಇರಬಹುದೇ ಎಂದು ಸಂಜೆಯವರೆಗೆ ತಲೆ ಕೆಡಿಸಿಕೊಂಡೆ. ಆದರೆ ಆ ಸಿಟ್ಟು ನಟನೆಯ ಸಿಟ್ಟಲ್ಲ. ಸುನಿಮ್‌ಗೆ ಹೇಳಿದೆ.

ಮರುದಿನ ಅವಳು ಹೋಗಿ, ಸೋಜು ಮಾತು ನಾವು ಹೂಡಿದ ಸುಳ್ಳು ಎಂದು ಮೇಷ್ಟ್ರಿಗೆ ಹೇಳಿದಳಂತೆ. ಬೈಯುತ್ತಾರೆ ಎಂದುಕೊಂಡಿದ್ದಳು.

"ನಕ್ಕುಬಿಟ್ರು ಅಕ್ಕ. ಕಂಪನಿ ಕಳಿಸಿದವರ ಮೇಲೆ ಸಂಶಯ ಪಡದೇ ಇದ್ದಿದ್ರೆ ನಂಗೇ ಆಶ್ಚರ್ಯ ಆಗ್ತಿತ್ತು ಅಂದ್ರು. ಆಮೇಲೆ ಒಂದು ಪ್ರಶ್ನೆ ಕೇಳಿದ್ರು. ಈ ಹತ್ತು ದಿನ ಕಾವಲು ಕಾಯ್ತಾ ಕೂತಿದ್ರಲ್ಲ, ಅದರಿಂದ ಯಾವ ಕೆಲಸ ಹಿಂದೆ ಬಿತ್ತು ಅಂತ."

"ಏನಂದೆ?"

"ಕೂ ಅಣ್ಣನ್ನ ನೋಡೋಕೆ ಹೋಗ್ಲಿಲ್ಲ ಅಂದೆ. ಹೇಳ್ತಾ ಹೇಳ್ತಾ ಅಳು ಬಂತು. ಹೋದ್ರೆ ಎದೆ ಹೊಡ್ಕೊಳ್ಳುತ್ತೆ, ಉಸಿರು ಸಿಕ್ಕಲ್ಲ ಅಂದೆ. ಹೊಡ್ಕೊಳ್ಳೋ ಎದೇನೂ ಕರ್ಕೊಂಡೇ ಹೋಗೋಕಾಗುತ್ತಾ ನೋಡಿ, ಅದು ನಿಲ್ಲೋವರೆಗೆ ಕಾದ್ರೆ ಅಣ್ಣ ಡಿಸ್ಚಾರ್ಜ್ ಆಗೋಗ್ತಾರೆ ಅಂದ್ರು."

ಭಾನುವಾರ ಇಬ್ಬರೂ ಹೋದೆವು. ಕುಂಬಳಕಾಯಿ ಗಂಜಿ ಮಾಡಿಕೊಂಡು ಹೋಗಿದ್ದೆ. ಆಸ್ಪತ್ರೆಯ ಲಿಫ್ಟಿನ ಮುಂದೆ ಸುನಿಮ್ ಎರಡು ಸಲ ಹಿಂದಕ್ಕೆ ತಿರುಗಿದಳು. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಆದರೂ ಒಳಗೆ ಹೋದಳು.

ಕೂ ಅಣ್ಣ ಅವಳನ್ನು ನೋಡಿದ ಕೂಡಲೇ, "ಎರಡು ತಿಂಗಳು ಬೇಕಾಯ್ತೇನಮ್ಮ ಐದು ಸ್ಟಾಪ್ ದೂರ ಬರೋಕೆ?" ಎಂದರು. ಸುನಿಮ್ ಅವರ ಮಂಚದ ಅಂಚು ಹಿಡಿದುಕೊಂಡು ನಿಂತಳು.

"ನಿನ್ನ ಮೇಲೆ ಕೋಪ ಇಲ್ಲ. ಆದ್ರೆ ನಾನೊಬ್ಬನೇ ಹೇಳಿದ್ರೆ ಯಾರೂ ನಂಬ್ತಿಲ್ಲ" ಎಂದರು ಅಣ್ಣ. "ಬೆಲ್ಟಿನ ಅಂಚು ಹರಿದಿದೆ ಅಂತ ನಾನು ಬೆಳಿಗ್ಗೆನೇ ವಾಕಿಟಾಕಿಲಿ ಹೇಳಿದ್ದು, ಇವತ್ತೊಂದಿನ ನಡೆಸಿ ಅಂತ ಮ್ಯೊಂಗ್ ಹೇಳಿದ್ದು, ಕೇಳಿಸ್ಕೊಂಡೋರು ನಾವಿಬ್ಬರೇ."

ನಾನು ಸುನಿಮ್ ಮುಖ ನೋಡಿದೆ. ಇಷ್ಟು ದಿನ ನನ್ನ ಸಾರು ಕುಡಿಯುತ್ತಾ ಕೂತವಳು ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ಮರೆತಿರಲಿಲ್ಲ. ಬೆಲ್ಟಿನ ಮಾತು ಹೇಳಬೇಕಾದರೆ ಬೆಲ್ಟು ಹರಿದ ಗಳಿಗೆಯನ್ನು ಮತ್ತೆ ನೋಡಬೇಕು. ಅದನ್ನು ನೋಡಲಾರದೆ ಎಲ್ಲದಕ್ಕೂ ಬಾಗಿಲು ಹಾಕಿಕೊಂಡಿದ್ದಳು. ಅವಳ ಈ ಮೌನದಿಂದ ಮ್ಯೊಂಗ್‌ಗೆ ಲಾಭವಾಗುತ್ತಿತ್ತು. ನಾನು ಸಂಶಯವನ್ನೆಲ್ಲ ಆ ಬಡಪಾಯಿ ಮೇಷ್ಟ್ರ ಮೇಲೆ ಸುರಿದು ಇದನ್ನು ನೋಡದೇ ಹೋಗಿದ್ದೆ.

ಅದರ ನಂತರ ಎರಡು ಸಲ ಅವಳು ಮೇಷ್ಟ್ರ ಎದುರು ಆ ಬೆಳಗನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಮೈ ನಡುಗಿದರೆ ನಡುಗಲಿ ಎಂದು ಬಿಟ್ಟು, ಮಾತು ಮುಂದುವರಿಸುವುದನ್ನು ಅಭ್ಯಾಸ ಮಾಡಿದಳು. ನಿಮಗೆ ಯಾವುದು ಮುಖ್ಯ ಎಂದು ಅವರು ಕೇಳಿದಾಗ, ಕೆಳಗೆ ನಿಂತವರು ಎರಡೂ ಕಾಲಲ್ಲಿ ನಡೆದು ಮನೆಗೆ ಹೋಗುವುದು ಎಂದಳಂತೆ.

ಆ ವಾರವೇ ಮ್ಯೊಂಗ್ ಒಂದು ಕಾಗದ ತಂದ. ಆಪರೇಟರ್‌ನ ಮಾನಸಿಕ ದುರ್ಬಲತೆಯಿಂದ ಅಪಘಾತವಾಯಿತು, ಈಗ ಚಿಕಿತ್ಸೆಯಾಗಿದೆ, ಕೆಲಸಕ್ಕೆ ಮರಳಬಹುದು ಎಂದು ಅದರಲ್ಲಿತ್ತು. "ಒಂದು ಸಹಿ. ಸೋಮವಾರದಿಂದ ಕ್ರೇನು ನಿಂದು" ಎಂದ.

ಸುನಿಮ್ ಕಾಗದವನ್ನು ನಿಧಾನವಾಗಿ ಓದಿದಳು.

"ನಂಗೆ ಭಯ ಇದೆ ಅನ್ನೋದು ನಿಜ. ಒಪ್ಕೋತೀನಿ" ಎಂದಳು. "ಉಳಿದಿದ್ದು ಸುಳ್ಳು."

ಸೋಮವಾರ ಅವಳು ಕಾರ್ಮಿಕ ಕಚೇರಿಗೆ ಹೋದಳು. ಹೇಳಿಕೆ ಕೊಡುವ ಮೊದಲು ಶೌಚಾಲಯದಲ್ಲಿ ವಾಂತಿ ಮಾಡಿಕೊಂಡಳು. ಹೇಳುವಾಗ ನಾಲ್ಕು ಸಲ ನಿಲ್ಲಿಸಬೇಕಾಯಿತಂತೆ. ಆದರೆ ಬೆಲ್ಟು, ಹೊತ್ತು, ಮ್ಯೊಂಗ್‌ನ ಮಾತು, ಒಂದನ್ನೂ ಬಿಡದೆ ಬರೆಸಿ ಬಂದಳು. ಅಧಿಕಾರಿಗಳು ಸೈಟಿನ ಉಗ್ರಾಣ ತಪಾಸಣೆ ಮಾಡಿದಾಗ ಅಂಥವೇ ಹರಕು ಬೆಲ್ಟುಗಳು ಇನ್ನೂ ಆರು ಸಿಕ್ಕವು. ಬೇಸಿಗೆ ಮುಗಿಯುವ ಹೊತ್ತಿಗೆ ತಪ್ಪು ಕಂಪನಿಯದೆಂದು ತೀರ್ಮಾನವಾಯಿತು. ಮ್ಯೊಂಗ್‌ನನ್ನು ಬೇರೆಲ್ಲಿಗೋ ವರ್ಗ ಮಾಡಿದರು. ಕೂ ಅಣ್ಣ ಕೋಲು ಹಿಡಿದು ನಡೆಯುತ್ತಾರೆ. ಸೈಟಿಗೆ ಮರಳಲಾರರು.

ಸುನಿಮ್‌ಗೆ ನಮ್ಮಲ್ಲಿ ಮತ್ತೆ ಕೆಲಸ ಕೊಡಲಿಲ್ಲ. ಕಾರಣವನ್ನೂ ಹೇಳಲಿಲ್ಲ. ಅಕ್ಟೋಬರ್‌ನಲ್ಲಿ ಕಾಲುವೆಯ ಆಚೆ ಬೇರೆಯವರ ಸೈಟಿನಲ್ಲಿ ಕ್ರೇನು ಸಿಕ್ಕಿತು. ಮೊದಲ ದಿನ ನಾನೂ ಹೋಗಿ ಏಣಿಯ ಬುಡದಲ್ಲಿ ನಿಂತೆ. ಹತ್ತುವ ಮೊದಲು ಅವಳು ಬೆಲ್ಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದಳು. ಒಂದನ್ನು ಪಕ್ಕಕ್ಕೆ ಎಸೆದಳು. ಹೊಸ ಮ್ಯಾನೇಜರ್ ಗೊಣಗಿದರೂ ಲೆಕ್ಕಿಸಲಿಲ್ಲ. ಮೂರನೇ ಮೆಟ್ಟಿಲಲ್ಲಿ ಅವಳ ತೊಡೆ ಥರಗುಟ್ಟುವುದು ಕೆಳಗಿದ್ದ ನನಗೂ ಕಂಡಿತು. ಅಲ್ಲಿ ಅವಳು ನಿಂತಳು, ಉಸಿರೆಳೆದಳು, ನಾಲ್ಕನೆಯದಕ್ಕೆ ಕಾಲಿಟ್ಟಳು. ಹಿಂದೆ ಹದಿನೈದು ನಿಮಿಷದಲ್ಲಿ ಹತ್ತುತ್ತಿದ್ದವಳಿಗೆ ಅಂದು ಮುಕ್ಕಾಲು ಗಂಟೆ ಬೇಕಾಯಿತು.

ಮಧ್ಯಾಹ್ನ ಇಳಿದು ಬಂದಾಗ, "ಭಯ ಹೋಯ್ತಾ?" ಎಂದು ಕೇಳಿದೆ.

"ಎಲ್ಲೋಗುತ್ತೆ? ಮೇಲೆ ನನ್ಜೊತೆನೇ ಕೂತಿತ್ತು" ಎಂದಳು. "ಇಪ್ಪತ್ತೆರಡು ಸಲ ಎತ್ತಿ ಇಳಿಸಿದೆ ಅಕ್ಕ. ಹೊಟ್ಟೆ ಹಸೀತಿದೆ, ಏನು ತಂದಿದೀಯ?"