ಸೊಪ್ಪಿನ ಕತ್ತಿಗೊಂದು ತೊಗಲು

ಚಾಮರಾಜನಗರದಿಂದ ತಂದ ರೇಷ್ಮೆಮೊಟ್ಟೆಗಳು ನೀಲಿಗೆ ತಿರುಗಿದ್ದವು. ಬೆಳಗಾದರೆ ಮರಿ ಒಡೆಯುವುದು ನಿಶ್ಚಯ. ಹರವೆಯ ಗುರುಮಲ್ಲಮ್ಮ ಸೊಪ್ಪು ಹೆಚ್ಚುವ ಕತ್ತಿಯನ್ನು ಹಳೆಯ ಬಟ್ಟೆಯಲ್ಲಿ ಸುತ್ತಿಕೊಂಡು ಗುಂಡ್ಲುಪೇಟೆಯ ಬಸ್ಸು ಹತ್ತಿದಳು. ಹಿಂದಿನ ಬೆಳೆಯಲ್ಲಿ ಆ ಕತ್ತಿಯೇ ಕೈಕೊಟ್ಟಿತ್ತು. ಕಲ್ಲಿಗೆ ಎಷ್ಟು ಮಸೆದರೂ ಅದು ಎಲೆಯನ್ನು ಕೊಯ್ಯದೆ ಜಜ್ಜುತ್ತಿತ್ತು. ಜಜ್ಜಿದ ಅಂಚು ಕಪ್ಪಾಗಿ ಒಣಗಿ, ಕೂದಲೆಳೆಯಂಥ ಮರಿಗಳು ಅದನ್ನು ತಿನ್ನದೆ ಸತ್ತಿದ್ದವು. ಆ ಸೊಪ್ಪು ಬೆಳೆಯುತ್ತಿದ್ದುದು ಗಂಡ ತೀರಿಕೊಂಡ ಮೇಲೆ ಆಕೆ ಒಬ್ಬಳೇ ಕಡ್ಡಿ ನೆಟ್ಟು ಎಬ್ಬಿಸಿದ ಹಿಪ್ಪುನೇರಳೆ ತೋಟದಲ್ಲಿ. ಈ ಸಲವೂ ಬೆಳೆ ಕೆಟ್ಟರೆ ತೋಟ ಕಿತ್ತು ರಾಗಿ ಬಿತ್ತುವುದಾಗಿ ಮೈದುನ ಪುಟ್ಟಮಾದು ಖಡಾಖಂಡಿತವಾಗಿ ಹೇಳಿದ್ದ.

ಗುಂಡ್ಲುಪೇಟೆಯ ಮಾರಯ್ಯ ಚಪ್ಪಲಿ, ಬಾರುಕೋಲು ಮಾಡುವವನು. ಕ್ಷೌರದ ಕತ್ತಿ ಉಜ್ಜುವ ಪಟ್ಟಿಗೂ ಸುತ್ತಿನವರು ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಕತ್ತಿಯ ಬಾಯನ್ನು ಬೆಳಕಿಗೆ ಹಿಡಿದು ನೋಡಿ, ಕಲ್ಲು ಎಬ್ಬಿಸಿದ ಸಿಬಿರನ್ನು ತೊಗಲೇ ತೆಗೆಯಬೇಕು ಎಂದ. ಕುರಿಯದು ಮೆತ್ತಗೆ, ಕತ್ತಿಯಡಿ ತಗ್ಗಿ ಬಾಯನ್ನು ದುಂಡಗೆ ಮಾಡುತ್ತದೆ. ಆಡಿನದು ತೀರ ತೆಳು. ಕೊನೆಗೆ ಎಮ್ಮೆಯ ಬೆನ್ನಿನ ತೊಗಲನ್ನು ಹೆಬ್ಬೆರಳಿನಿಂದ ಒತ್ತುತ್ತ ಹೋಗಿ, ಗುರುತು ಮೂಡದ ಜಾಗದಲ್ಲಿ ನಿಲ್ಲಿಸಿದ. ಹುಳುವಿನ ಕಾಯಿಲೆಯನ್ನು ಬೆರಳಲ್ಲೇ ಅರಿಯುತ್ತಿದ್ದ ಗುರುಮಲ್ಲಮ್ಮ ಆ ಬೆರಳುಗಳನ್ನು ಕಣ್ಣು ಕೀಳದೆ ನೋಡಿದಳು.

ಅವನು ತೊಗಲಿಗೆ ಬಳಿಯಲೆಂದು ಇಟ್ಟಿಗೆಪುಡಿಗೆ ಹರಳೆಣ್ಣೆ ಬೆರೆಸಲು ಹೊರಟಾಗ ಅವಳಿಗೆ ದಿಗಿಲಾಯಿತು. ಎಣ್ಣೆಯ ವಾಸನೆ ಎಲೆಗೆ ಹತ್ತಿದರೆ ಮರಿ ಬಾಯಿಡದು. ಅದಕ್ಕಿಂತ ಮಿಗಿಲಾಗಿ, ಅವನ ದವಡೆಯಲ್ಲಿ ಹೊಗೆಸೊಪ್ಪಿತ್ತು.

“ಮಾರಣ್ಣ, ನೀನು ಮುಟ್ಟಬ್ಯಾಡ,” ಎಂದುಬಿಟ್ಟಳು.

ಮಾರಯ್ಯನ ಕೈ ಅಲ್ಲೇ ನಿಂತಿತು. ಜಗಲಿಯಲ್ಲಿದ್ದ ಅವನ ಹೆಂಡತಿ ಮಂಗಮ್ಮ ತಲೆಯೆತ್ತಿದಳು. ತನ್ನ ಮಾತು ಅವರ ಕಿವಿಗೆ ಹೇಗೆ ಬಿದ್ದಿತೆಂದು ಹೊಳೆದು ಗುರುಮಲ್ಲಮ್ಮ ನಾಚಿಕೆಯಿಂದ ಕುಗ್ಗಿಹೋದಳು. ಹೊಗೆಸೊಪ್ಪಿನ ಕೈ ಹುಳುವಿಗೆ ವಿಷ, ಅದಕ್ಕಾಗಿ ಹೆತ್ತ ಅಪ್ಪನನ್ನೂ ಹುಳುಮನೆಯೊಳಗೆ ಬಿಡುವುದಿಲ್ಲ ಎಂದು ತಡವರಿಸುತ್ತ ಹೇಳಿದಳು.

ಮಾರಯ್ಯ ಹೊರಗೆ ಉಗಿದು ಬಂದು ನಕ್ಕ. “ಕೈ ಬ್ಯಾಡ ಅಂದೋರ ಬೋ ಜನಾನ ಕಂಡಿವ್ನಿ ಕಣವ್ವ. ಒಗೆಸೊಪ್ಪಿಗೆ ಬ್ಯಾಡ ಅಂದೋಳು ನೀನೇ ಮೊದ್ಲು.”

“ನಾನೂ ಅಂದು ಅಂದು ಸಾಕಾಗೋದೆ,” ಎಂದಳು ಮಂಗಮ್ಮ.

ಆರಿಸಿದ್ದ ಎಮ್ಮೆಯ ತೊಗಲಿಗೂ ಹದದ ಎಣ್ಣೆ ಹತ್ತಿತ್ತು; ಅವನು ಯೋಚಿಸಿದ. ಊರ ಸಾಹುಕಾರರು ಬಾವಿಗೆ ಎಣ್ಣೆ ಎಂಜಿನ್ನು ತಂದ ಮೇಲೆ ಬಿಸಾಡಿದ, ಎತ್ತು ಕಟ್ಟಿ ನೀರೆತ್ತುವ ಕಪಿಲೆಯ ತೊಗಲಿನ ಚೀಲವೊಂದು ಹಿತ್ತಲಲ್ಲಿತ್ತು. ಬಾವಿಯ ನೀರಲ್ಲಿ ಮುಳುಗೆದ್ದು ಅದರ ತೊಗಲಿನ ಎಣ್ಣೆಯೆಲ್ಲ ತೊಳೆದುಹೋಗಿತ್ತು. ಬಿಗಿ ಮಾತ್ರ ಉಳಿದಿತ್ತು. ಎಣ್ಣೆ ಬೆರೆತ ಪುಡಿಯ ಬದಲು ಭತ್ತದ ಹೊಟ್ಟಿನ ಬೂದಿಯನ್ನು ಮಂಗಮ್ಮ ಬಟ್ಟೆಯಲ್ಲಿ ಸೋಸಿ ಕೊಟ್ಟಳು. ತಾನು ಮುಟ್ಟಿದ ಕತ್ತಿಯನ್ನು ಬಿಸಿನೀರಲ್ಲಿ ತೊಳೆಯಲು ಮಾರಯ್ಯನೇ ನೆನಪಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮಾರು ದೂರ ಕುಳಿತ. ತೊಗಲನ್ನು ಕೊಯ್ದು ಹಲಗೆಗೆ ಮೊಳೆ ಹೊಡೆದು ಕೂರಿಸಿದವಳು ಗುರುಮಲ್ಲಮ್ಮನೇ.

“ಬೆನ್ನು ಮುಂದ, ಬಾಯಿ ಹಿಂದ. ತಳ್ಳಬ್ಯಾಡ, ಎಳಿ. ಒತ್ತಬ್ಯಾಡ್ದು ಕಣವ್ವ, ಕತ್ತಿ ಭಾರವೇ ಸಾಕು.”

ಬೂದಿ ಸವರಿದ ತೊಗಲ ಮೇಲೆ ಅವಳು ಕತ್ತಿ ಎಳೆಯುತ್ತಿದ್ದರೆ ಮಾರಯ್ಯ ನೋಡುತ್ತಲೂ ಇರಲಿಲ್ಲ. ಕಣ್ಣುಮುಚ್ಚಿ ಸದ್ದನ್ನು ಆಲಿಸುತ್ತಿದ್ದ. ಕೆರಕು ಸದ್ದು ಸಣ್ಣಗಾಗಿ, ರೇಷ್ಮೆಸೀರೆ ಸರಿದಂತಾದಾಗ ಸಾಕೆಂದು ತಲೆಯಾಡಿಸಿದ. ಇಂಥ ಕಿವಿಯನ್ನು ಗುರುಮಲ್ಲಮ್ಮ ಎಲ್ಲೂ ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಹರವೆಯಲ್ಲಿ ಮರಿಗಳು ಒಡೆದವು. ಅವಳು ಹೆಚ್ಚಿದ ಎಲೆ ದಾರದಂತೆ ಉದುರಿತು. ಬಿಸಿಲೇರಿದರೂ ಅಂಚು ಹಸಿರಾಗಿಯೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಎಲೆಯ ಮೇಲೆಲ್ಲ ಮರಿಗಳು ಹತ್ತಿ, ಸೂಜಿಮೊನೆಯಷ್ಟು ತೂತುಗಳು ಬಿದ್ದಿದ್ದವು.

ಪುಟ್ಟಮಾದು ಹೊಸ್ತಿಲಾಚೆಯೇ ನಿಂತು ಬಿದಿರಿನ ತಟ್ಟೆಯತ್ತ ಬಹಳ ಹೊತ್ತು ನೋಡಿದ. ರಾಗಿಯ ಮಾತು ಎತ್ತಲಿಲ್ಲ.

“ಅತ್ಗೆಮ್ಮ, ಸಂಜಿಗ ಸೊಪ್ಪು ಎಷ್ಟು ಕುಯ್ಲಿ?” ಎಂದ.